ಸ್ತನ ಕ್ಯಾನ್ಸರ್‌ನಲ್ಲಿ ಕಳೆದುಹೋಗುವ ಕ್ರೋಮೋಸೋಮ್ ತುಂಡುಗಳು, ಗಡ್ಡೆ ತಡೆಯುವ ಜೀನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಗಡ್ಡೆಯ ಜೀನ್ ಪರೀಕ್ಷೆಯ ರಿಪೋರ್ಟ್‌ಗಳು ಈಗ ನಮ್ಮ ಊರಿನ ಮನೆಗಳಿಗೂ ಬರುತ್ತಿವೆ. ಅದರಲ್ಲಿ ‘17ಪಿ ಲಾಸ್’, ‘ಪಿಟೆನ್ ಲಾಸ್’, ‘ಎಲ್‌ಒಎಚ್’ ಎಂಬ ಸಾಲುಗಳಿರುತ್ತವೆ. ಓದಿದವರ ಎದೆ ಧಸಕ್ಕೆನ್ನುತ್ತದೆ. ಏನು ಕಳೆದುಹೋಯಿತು? ಎಲ್ಲಿಂದ? ಮಕ್ಕಳಿಗೂ ಇದು ಇದೆಯಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಡ್ಡೆಯೊಳಗೆ ಕಳೆದದ್ದು ಬೇರೆ, ಹುಟ್ಟುವಾಗಲೇ ಕೆಟ್ಟು ಬಂದದ್ದು ಬೇರೆ. ಈ ಎರಡನ್ನು ಬೇರೆ ಮಾಡಿ ನೋಡಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಉಳಿದರ್ಧಕ್ಕೆ ಏನು ಮಾಡಬೇಕೆಂದೂ ಗೊತ್ತಾಗುತ್ತದೆ.

ಕ್ರೋಮೋಸೋಮ್ ಕಳೆದುಹೋಗುವುದು ಅಂದರೇನು?

ನಮ್ಮ ಒಂದೊಂದು ಜೀವಕೋಶದಲ್ಲೂ 46 ಕ್ರೋಮೋಸೋಮ್‌ಗಳಿವೆ. 23 ಅಮ್ಮನಿಂದ, 23 ಅಪ್ಪನಿಂದ. ಅಂದರೆ ಹೆಚ್ಚುಕಡಿಮೆ ಪ್ರತಿ ಜೀನ್‌ಗೂ ಎರಡು ಪ್ರತಿ ಇರುತ್ತವೆ. ಕೋಶ ಎರಡಾಗುವಾಗ ಈ 46ನ್ನೂ ನಕಲು ಮಾಡಿ ಎರಡು ಕಡೆಗೂ ಸರಿಯಾಗಿ ಹಂಚಬೇಕು. ಕ್ಯಾನ್ಸರ್ ಕೋಶಗಳಲ್ಲಿ ಈ ಹಂಚಿಕೆ ಕೆಡುತ್ತದೆ. ಕೆಲವೊಮ್ಮೆ ಇಡೀ ಕ್ರೋಮೋಸೋಮ್ ಒಂದು ಕಡೆಗೆ ಹೋಗುವುದೇ ಇಲ್ಲ. ಕೆಲವೊಮ್ಮೆ ಅದರ ತೋಳಿನ, ಅಂದರೆ ಒಂದು ಬದಿಯ, ಅರ್ಧ ಮುರಿದು ಹೋಗುತ್ತದೆ. ಇನ್ನು ಕೆಲವೊಮ್ಮೆ ಒಂದು ಜೀನ್‌ನಷ್ಟು ಸಣ್ಣ ತುಂಡು ಮಾತ್ರ ಕಾಣೆಯಾಗುತ್ತದೆ.

ಇದು ಗಡ್ಡೆಯ ಕೋಶಗಳಲ್ಲಿ ನಡೆಯುವ ಮಾತು. ಅದೇ ಹೆಂಗಸಿನ ರಕ್ತ, ಚರ್ಮ, ಪಿತ್ತಕೋಶ ಎಲ್ಲದರಲ್ಲೂ ಕ್ರೋಮೋಸೋಮ್‌ಗಳು ಸಾಮಾನ್ಯವಾಗಿ ಪೂರ್ತಿ ಇರುತ್ತವೆ.

ರಿಪೋರ್ಟ್‌ನಲ್ಲಿ 17ಪಿ, 16ಕ್ಯೂ ಎಂದೆಲ್ಲ ಇರುತ್ತದೆ. ಹೇಗೆ ಓದಬೇಕು?

ಮೊದಲ ಅಂಕೆ ಕ್ರೋಮೋಸೋಮ್‌ನ ನಂಬರು. ‘ಪಿ’ ಅಂದರೆ ಅದರ ಗಿಡ್ಡ ತೋಳು, ‘ಕ್ಯೂ’ ಅಂದರೆ ಉದ್ದ ತೋಳು. ಆಮೇಲೆ ಬರುವ ಅಂಕೆಗಳು ಆ ತೋಳಿನಲ್ಲಿ ಜಾಗವನ್ನು ಹೇಳುತ್ತವೆ. 17ಪಿ13 ಎಂದರೆ 17ನೇ ಕ್ರೋಮೋಸೋಮ್‌ನ ಗಿಡ್ಡ ತೋಳಿನ ತುದಿಯ ಕಡೆ. ಟಿಪಿ53 ಜೀನ್ ಇರುವುದು ಅಲ್ಲೇ.

ಗಡ್ಡೆ ತಡೆಯುವ ಜೀನ್ ಅಂದರೆ? ಹರ್2 ಕೂಡ ಅಂಥದ್ದೇನಾ?

ಅಲ್ಲ, ಹರ್2 ಇದಕ್ಕೆ ತದ್ವಿರುದ್ಧ. ಅದು ಕೋಶವನ್ನು ಬೆಳೆ ಬೆಳೆ ಎಂದು ದೂಡುವ ಜೀನ್. ಅದರ ಪ್ರತಿಗಳು ಎರಡರ ಬದಲು ಹತ್ತು, ಇಪ್ಪತ್ತು ಆದಾಗ ತೊಂದರೆ. ಗಡ್ಡೆ ತಡೆಯುವ ಜೀನ್‌ಗಳ ಕೆಲಸ ಬೇರೆ. ಕೋಶ ಬೇಕಾಬಿಟ್ಟಿ ಒಡೆಯದಂತೆ ನೋಡುವುದು, ಹಾಳಾದ ಡಿಎನ್‌ಎ ರಿಪೇರಿ ಮಾಡುವುದು, ರಿಪೇರಿಯಾಗದಷ್ಟು ಕೆಟ್ಟ ಕೋಶವನ್ನು ಸಾಯುವಂತೆ ಮಾಡುವುದು. ಇವು ಹೋದಾಗ ತೊಂದರೆ.

ಜಾಸ್ತಿಯಾದದ್ದನ್ನು ಔಷಧಿಯಿಂದ ತಡೆಯುವುದು ಸ್ವಲ್ಪ ಸುಲಭ. ಹರ್2ಗೆ ಟ್ರಾಸ್ಟುಜುಮ್ಯಾಬ್ ಬಂದು ಎಷ್ಟೋ ಜನ ಬದುಕಿದ್ದಾರೆ. ಇಲ್ಲದ್ದಕ್ಕೆ ಔಷಧಿ ಹುಡುಕುವುದು ಕಷ್ಟ, ಏಕೆಂದರೆ ಹಿಡಿಯಲು ಅಲ್ಲಿ ಪ್ರೋಟೀನೇ ಇರುವುದಿಲ್ಲ. ಆದರೂ ದಾರಿ ಸಿಕ್ಕಿದೆ. ಅದನ್ನು ಕೆಳಗೆ ಪಾರ್ಪ್ ಔಷಧಿಯ ಪ್ರಶ್ನೆಯಲ್ಲಿ ಹೇಳುತ್ತೇನೆ.

ಒಂದು ಪ್ರತಿ ಹೋದರೆ ಇನ್ನೊಂದು ಇದೆಯಲ್ಲ? ಸಾಕಾಗುವುದಿಲ್ಲವೇ?

ಬಹಳ ಸಲ ಸಾಕಾಗುತ್ತದೆ. ಈ ವಿಷಯದ ಬೇರು ಇರುವುದೇ ಇಲ್ಲಿ. 1971ರಲ್ಲಿ ಆಲ್ಫ್ರೆಡ್ ನಡ್ಸನ್ ಎಂಬ ಅಮೆರಿಕದ ವೈದ್ಯರು ಮಕ್ಕಳ ಕಣ್ಣಿನ ಕ್ಯಾನ್ಸರ್ ಆದ ರೆಟಿನೋಬ್ಲಾಸ್ಟೋಮಾದ 48 ಪ್ರಕರಣಗಳ ಲೆಕ್ಕ ಹಾಕಿದರು. ಮನೆತನದಲ್ಲಿ ಈ ರೋಗ ಬಂದಿದ್ದ ಮಕ್ಕಳಿಗೆ ಅದು ಬೇಗ ಬರುತ್ತಿತ್ತು, ಎರಡೂ ಕಣ್ಣಿಗೆ ಬರುವುದು ಜಾಸ್ತಿ. ಉಳಿದ ಮಕ್ಕಳಿಗೆ ತಡವಾಗಿ, ಒಂದೇ ಕಣ್ಣಿಗೆ. ನಡ್ಸನ್ ಹೇಳಿದ್ದು ಇಷ್ಟು: ಗಡ್ಡೆ ಹುಟ್ಟಲು ಎರಡು ಪೆಟ್ಟು ಬೇಕು. ಮೊದಲ ಗುಂಪಿನ ಮಕ್ಕಳಿಗೆ ಒಂದು ಪೆಟ್ಟು ಹುಟ್ಟುವಾಗಲೇ ಬಿದ್ದಿದೆ, ಇನ್ನೊಂದು ಬಿದ್ದರೆ ಸಾಕು. ಎರಡನೇ ಗುಂಪಿಗೆ ಎರಡೂ ಪೆಟ್ಟು ಒಂದೇ ಕೋಶದಲ್ಲಿ ಹುಟ್ಟಿದ ಮೇಲೆ ಬೀಳಬೇಕು, ಅದು ಅಪರೂಪ. ಆಗ ಅವರ ಕೈಯಲ್ಲಿ ಜೀನ್ ಇರಲಿಲ್ಲ, ಬರೀ ವಯಸ್ಸಿನ ಲೆಕ್ಕ ಇತ್ತು. 15 ವರ್ಷಗಳ ನಂತರ, 1986ರಲ್ಲಿ, 13ನೇ ಕ್ರೋಮೋಸೋಮ್‌ನಲ್ಲಿ ಆ ಜೀನ್ ಸಿಕ್ಕಿತು. ಅದೇ ಆರ್‌ಬಿ1. ಲೆಕ್ಕ ಸರಿಯಾಗಿತ್ತು.

ಸ್ತನ ಕ್ಯಾನ್ಸರ್‌ನಲ್ಲೂ ಬಹುಪಾಲು ಇದೇ ಕಥೆ. ಜೀನ್ ಎಂದರೆ ಡಿಎನ್‌ಎಯ ಅಕ್ಷರಗಳಲ್ಲಿ ಬರೆದ ಸೂಚನೆ; ಒಂದು ಪ್ರತಿಯಲ್ಲಿ ಅಕ್ಷರ ಕೆಡುತ್ತದೆ, ಇನ್ನೊಂದು ಪ್ರತಿ ಕ್ರೋಮೋಸೋಮ್ ತುಂಡಿನ ಜೊತೆಗೇ ಹೋಗುತ್ತದೆ. ಆದರೆ ಎಲ್ಲ ಜೀನ್‌ಗಳೂ ಈ ನಿಯಮಕ್ಕೆ ಕಟ್ಟುಬಿದ್ದಿಲ್ಲ. ಕೆಲವಕ್ಕೆ ಒಂದು ಪ್ರತಿ ಕಡಿಮೆಯಾದರೂ ಪ್ರೋಟೀನ್ ಸಾಲುವುದಿಲ್ಲ. ಇನ್ನು ಕೆಲವು ಜೀನ್‌ಗಳಲ್ಲಿ ಅಕ್ಷರ ಸರಿಯೇ ಇರುತ್ತದೆ, ಆದರೆ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತು ಕೂತು ಜೀನ್ ಮೌನವಾಗುತ್ತದೆ. ಕೆಲವು ಟ್ರಿಪಲ್ ನೆಗೆಟಿವ್ ಗಡ್ಡೆಗಳಲ್ಲಿ (ಇಆರ್, ಪಿಆರ್ ಎಂಬ ಎರಡು ಹಾರ್ಮೋನ್ ಗ್ರಾಹಕಗಳೂ ಇಲ್ಲದ, ಹರ್2 ಕೂಡ ಹೆಚ್ಚಿರದ ಗಡ್ಡೆಗಳು) ಬಿಆರ್‌ಸಿಎ1 ಎಂಬ ಜೀನ್ ಹೀಗೇ ಕೆಲಸ ನಿಲ್ಲಿಸಿರುತ್ತದೆ.

ಎಲ್‌ಒಎಚ್ ಅಂದರೇನು?

ಅಮ್ಮನ ಪ್ರತಿ, ಅಪ್ಪನ ಪ್ರತಿ ಎರಡೂ ಪೂರ್ತಿ ಒಂದೇ ಥರ ಇರುವುದಿಲ್ಲ. ಲಕ್ಷಗಟ್ಟಲೆ ಕಡೆ ಒಂದೊಂದು ಅಕ್ಷರದ ವ್ಯತ್ಯಾಸ ಇರುತ್ತದೆ. ರಕ್ತದಲ್ಲಿ ನೋಡಿದರೆ ಆ ಜಾಗಗಳಲ್ಲಿ ಎರಡೂ ಅಕ್ಷರ ಕಾಣುತ್ತವೆ. ಗಡ್ಡೆಯಲ್ಲಿ ನೋಡಿದಾಗ ಒಂದು ತುಂಡಿನ ಉದ್ದಕ್ಕೂ ಆ ಜಾಗಗಳಲ್ಲಿ ಒಂದೊಂದೇ ಅಕ್ಷರ ಕಂಡರೆ, ಅಲ್ಲಿ ಒಬ್ಬರ ಪ್ರತಿ ಹೋಗಿದೆ ಎಂದರ್ಥ. ಇದನ್ನೇ ಎಲ್‌ಒಎಚ್ (ಲಾಸ್ ಆಫ್ ಹೆಟಿರೋಜೈಗಾಸಿಟಿ) ಎನ್ನುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ. ಕೆಲವೊಮ್ಮೆ ಒಂದು ಪ್ರತಿ ಹೋಗಿ, ಉಳಿದ ಪ್ರತಿಯೇ ಎರಡಾಗಿರುತ್ತದೆ. ಎಣಿಸಿದರೆ ಎರಡೇ ಇವೆ, ನಷ್ಟವೇ ಇಲ್ಲ ಅನಿಸುತ್ತದೆ. ಆದರೆ ಎರಡೂ ಕೆಟ್ಟ ಪ್ರತಿಗಳೇ. ಹಾಗಾಗಿ ಬರೀ ಪ್ರತಿಗಳ ಸಂಖ್ಯೆ ನೋಡಿ ಸರಿ ಇದೆ ಎಂದುಕೊಳ್ಳುವ ಹಾಗಿಲ್ಲ.

1980 ಮತ್ತು 90ರ ದಶಕಗಳಲ್ಲಿ ಗಡ್ಡೆ ತಡೆಯುವ ಜೀನ್‌ಗಳನ್ನು ಹುಡುಕಿದ್ದು ಈ ಜಾಡು ಹಿಡಿದೇ. ಒಬ್ಬರದೇ ರಕ್ತ, ಒಬ್ಬರದೇ ಗಡ್ಡೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ನೂರಾರು ಜನರ ಗಡ್ಡೆಗಳಲ್ಲಿ ಒಂದೇ ಜಾಗ ಮತ್ತೆ ಮತ್ತೆ ಕಾಣೆಯಾಗಿದ್ದರೆ ಅಲ್ಲಿ ಏನೋ ಮುಖ್ಯವಾದದ್ದು ಇತ್ತು ಎಂದು ಊಹಿಸುವುದು. ಸ್ತನ ಕ್ಯಾನ್ಸರ್‌ನಲ್ಲಿ ಹೀಗೆ ಪದೇ ಪದೇ ಕಂಡ ಜಾಗಗಳು 8ಪಿ, 11ಕ್ಯೂ, 13ಕ್ಯೂ, 16ಕ್ಯೂ, 17ಪಿ, 22ಕ್ಯೂ.

ಇದು ನಾನು ಮಾಡಿದ ಯಾವುದೋ ತಪ್ಪಿನಿಂದ ಆಯಿತಾ?

ಇಲ್ಲ. ಎಷ್ಟೋ ಹೆಂಗಸರು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ, ಒಳಗೇ ಇಟ್ಟುಕೊಂಡು ಕೊರಗುತ್ತಾರೆ. ಅದಕ್ಕೇ ಜೋರಾಗಿ ಹೇಳಬೇಕು ಅನಿಸುತ್ತದೆ: ಕ್ರೋಮೋಸೋಮ್ ತುಂಡಾಗುವುದಕ್ಕೆ ಎದೆಗೆ ಬಿದ್ದ ಪೆಟ್ಟು, ಹಾಕಿಕೊಂಡ ಒಳಉಡುಪು, ಯಾರದೋ ಕಣ್ಣು, ಹಿಂದಿನ ಜನ್ಮದ ಕರ್ಮ ಯಾವುದೂ ಕಾರಣವಲ್ಲ.

ಕೋಶ ಒಡೆಯುವಾಗ ಆಗುವ ಆಕಸ್ಮಿಕ ತಪ್ಪುಗಳೇ ಬಹುಪಾಲು. ವಯಸ್ಸಾದಂತೆ ಅವು ಸೇರುತ್ತಾ ಹೋಗುತ್ತವೆ. ವಿಕಿರಣ ಕ್ರೋಮೋಸೋಮ್ ಒಡೆಯುತ್ತದೆ ಎಂಬುದು ಖಚಿತ. ಹಿರೋಷಿಮಾ, ನಾಗಾಸಾಕಿಯಲ್ಲಿ ಬಾಂಬಿನ ವಿಕಿರಣಕ್ಕೆ ಸಿಕ್ಕು ಬದುಕಿದ ಹೆಣ್ಣುಮಕ್ಕಳಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ, ಮುಂದೆ ಸ್ತನ ಕ್ಯಾನ್ಸರ್ ಹೆಚ್ಚು ಕಂಡಿತು. ಮ್ಯಾಮೊಗ್ರಾಮ್‌ನ ವಿಕಿರಣ ಇದಕ್ಕೆ ಹೋಲಿಸಿದರೆ ತೀರಾ ಕಡಿಮೆ, ಅದಕ್ಕೆ ಹೆದರಿ ಪರೀಕ್ಷೆ ಬಿಡಬೇಡಿ. ಮದ್ಯಪಾನ, ಮುಟ್ಟು ನಿಂತ ಮೇಲೆ ಹೆಚ್ಚುವ ತೂಕ ಅಪಾಯವನ್ನು ಸ್ವಲ್ಪ ಏರಿಸುತ್ತವೆ, ನಿಜ. ಆದರೆ ಒಬ್ಬರ ಗಡ್ಡೆಯಲ್ಲಿ 17ಪಿ ಯಾಕೆ ಹೋಯಿತು ಎಂದು ಬೆರಳು ಮಾಡಿ ತೋರಿಸಲು ಯಾರಿಂದಲೂ ಆಗುವುದಿಲ್ಲ.

ಟಿಪಿ53 ಎಲ್ಲ ಕಡೆ ಕೇಳಿಬರುತ್ತದೆ. ಅದರ ವಿಶೇಷ ಏನು?

ಡಿಎನ್‌ಎಗೆ ಏಟು ಬಿದ್ದಾಗ ಕೋಶವನ್ನು ನಿಲ್ಲಿಸುವ, ಬೇಕಾದರೆ ಸಾಯಿಸುವ ಪಿ53 ಪ್ರೋಟೀನನ್ನು ಈ ಜೀನ್ ತಯಾರಿಸುತ್ತದೆ. 1979ರಲ್ಲಿ ಈ ಪ್ರೋಟೀನ್ ಸಿಕ್ಕಾಗ ವಿಜ್ಞಾನಿಗಳು ಇದು ಕ್ಯಾನ್ಸರ್ ಬೆಳೆಸುವ ಜೀನ್ ಎಂದೇ ನಂಬಿದ್ದರು. ಅವರು ಪ್ರಯೋಗಕ್ಕೆ ಬಳಸಿದ ಪ್ರತಿಗಳೇ ಕೆಟ್ಟಿದ್ದವು. ಸುಮಾರು ಹತ್ತು ವರ್ಷ ಹಾಗೇ ಕಳೆಯಿತು. 1989ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಬರ್ಟ್ ವೊಗೆಲ್‌ಸ್ಟೈನ್ ಅವರ ತಂಡ ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಕಾಣೆಯಾಗುವ 17ಪಿ ತುಂಡನ್ನು ಬೆನ್ನಟ್ಟಿತು. ಒಂದು ಪ್ರತಿ ತುಂಡಿನ ಜೊತೆ ಹೋಗಿತ್ತು, ಉಳಿದ ಪ್ರತಿಯಲ್ಲಿ ಅಕ್ಷರ ಕೆಟ್ಟಿತ್ತು. ನಡ್ಸನ್ ಹೇಳಿದ ಎರಡು ಪೆಟ್ಟು! ಕ್ಯಾನ್ಸರ್ ಬೆಳೆಸುತ್ತದೆ ಎಂದು ನಂಬಿದ್ದ ಜೀನ್ ವಾಸ್ತವದಲ್ಲಿ ಅದನ್ನು ತಡೆಯುತ್ತಿತ್ತು.

ಸ್ತನ ಕ್ಯಾನ್ಸರ್‌ಗಳನ್ನು ಒಟ್ಟಾಗಿ ನೋಡಿದರೆ ಸುಮಾರು ಮೂರರಲ್ಲಿ ಒಂದರಲ್ಲಿ ಟಿಪಿ53 ಕೆಟ್ಟಿರುತ್ತದೆ. ಆದರೆ ಈ ಸರಾಸರಿ ಸಂಖ್ಯೆ ದಾರಿ ತಪ್ಪಿಸುತ್ತದೆ. 2012ರಲ್ಲಿ ಪ್ರಕಟವಾದ ಟಿಸಿಜಿಎ ಎಂಬ ದೊಡ್ಡ ಅಧ್ಯಯನದಲ್ಲಿ, ಹಾರ್ಮೋನ್‌ಗೆ ಸ್ಪಂದಿಸುವ, ನಿಧಾನವಾಗಿ ಬೆಳೆಯುವ ಲ್ಯೂಮಿನಲ್ ಎ ಗಡ್ಡೆಗಳಲ್ಲಿ ಶೇ. 12ರಲ್ಲಿ ಮಾತ್ರ ಟಿಪಿ53 ಕೆಟ್ಟಿತ್ತು. ಬಹುಪಾಲು ಟ್ರಿಪಲ್ ನೆಗೆಟಿವ್ ಆಗಿರುವ ಬೇಸಲ್ ಮಾದರಿಯ ಗಡ್ಡೆಗಳಲ್ಲಿ ಶೇ. 80ರಲ್ಲಿ. ಎರಡಕ್ಕೂ ಸ್ತನ ಕ್ಯಾನ್ಸರ್ ಎಂದೇ ಹೆಸರು, ಆದರೆ ಒಳಗೆ ನಡೆದಿರುವುದು ಬೇರೆ ಬೇರೆ. ಪಕ್ಕದ ಮನೆಯವರ ಟ್ರೀಟ್‌ಮೆಂಟ್ ನಿಮಗೂ ಯಾಕೆ ಹೊಂದಲಿಲ್ಲ ಎಂಬುದಕ್ಕೆ ಇದೂ ಒಂದು ಕಾರಣ.

ಅಪರೂಪಕ್ಕೆ ಟಿಪಿ53 ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಅದಕ್ಕೆ ಲಿ-ಫ್ರೌಮೆನಿ ಸಿಂಡ್ರೋಮ್ ಎಂದು ಹೆಸರು. ಅಂಥ ಮನೆಗಳಲ್ಲಿ ತೀರಾ ಚಿಕ್ಕ ವಯಸ್ಸಿನ ಸ್ತನ ಕ್ಯಾನ್ಸರ್, ಮೂಳೆ ಮತ್ತು ಮಾಂಸದ ಸಾರ್ಕೋಮಾ, ಮೆದುಳಿನ ಗಡ್ಡೆ ಕಾಣುತ್ತವೆ. ಇವರಿಗೆ ರೇಡಿಯೇಷನ್ ಕೊಡುವ ಮೊದಲು ವೈದ್ಯರು ಎರಡು ಸಲ ಯೋಚಿಸುತ್ತಾರೆ, ಏಕೆಂದರೆ ಅದರಿಂದಲೇ ಇನ್ನೊಂದು ಗಡ್ಡೆ ಹುಟ್ಟುವ ಸಾಧ್ಯತೆ ಇವರಲ್ಲಿ ಜಾಸ್ತಿ. ಮನೆಯಲ್ಲಿ ಇಂಥ ಚರಿತ್ರೆ ಇದ್ದರೆ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ಹೇಳಿ.

16ಕ್ಯೂ ಲಾಸ್ ಅಂದರೆ ಕೆಟ್ಟ ಸುದ್ದಿಯೇ?

ನನಗೆ ಈ ವಿಷಯದಲ್ಲಿ ಅತ್ಯಂತ ಕುತೂಹಲ ಹುಟ್ಟಿಸುವ ತುಂಡು ಇದೇ. ‘ಲಾಸ್’ ಎಂದ ಕೂಡಲೇ ಕೆಟ್ಟದ್ದು ಅನಿಸುತ್ತದೆ, ಅಲ್ವಾ? ಆದರೆ 16ಕ್ಯೂ ಪೂರ್ತಿ ತೋಳು ಹೋಗುವುದು ಹೆಚ್ಚಾಗಿ ಕಾಣುವುದು ಗ್ರೇಡ್ 1ರ (ಮೈಕ್ರೋಸ್ಕೋಪಿನಲ್ಲಿ ಆರೋಗ್ಯವಾದ ಕೋಶಗಳನ್ನೇ ಹೆಚ್ಚು ಹೋಲುವ; ಗ್ರೇಡ್ 3 ಅಂದರೆ ತೀರಾ ಬೇರೆಯಾಗಿ ಕಾಣುವ), ಹಾರ್ಮೋನ್ ಪಾಸಿಟಿವ್, ನಿಧಾನವಾಗಿ ಬೆಳೆಯುವ ಗಡ್ಡೆಗಳಲ್ಲಿ. ಬಹಳ ಸಲ 1ನೇ ಕ್ರೋಮೋಸೋಮ್‌ನ ಉದ್ದ ತೋಳು 16ಕ್ಕೆ ಅಂಟಿಕೊಂಡು, 1ಕ್ಯೂ ಜಾಸ್ತಿಯಾಗುವುದು, 16ಕ್ಯೂ ಕಡಿಮೆಯಾಗುವುದು ಒಟ್ಟಿಗೇ ನಡೆಯುತ್ತದೆ.

ಇದರಿಂದ ಒಂದು ಹಳೆಯ ನಂಬಿಕೆ ಅಲುಗಿತು. ಗ್ರೇಡ್ 1 ಗಡ್ಡೆಯೇ ಬೆಳೆದು ಬೆಳೆದು ಗ್ರೇಡ್ 3 ಆಗುತ್ತದೆ ಎಂದು ಹಿಂದೆ ಅಂದುಕೊಳ್ಳುತ್ತಿದ್ದರು. ಹಾಗಿದ್ದರೆ ಗ್ರೇಡ್ 3ರಲ್ಲೂ 16ಕ್ಯೂ ಕಾಣೆಯಾಗಿರಬೇಕಿತ್ತು, ಏಕೆಂದರೆ ಒಮ್ಮೆ ಹೋದ ತುಂಡು ತಿರುಗಿ ಬರುವುದಿಲ್ಲ. ಆದರೆ ಗ್ರೇಡ್ 3 ಗಡ್ಡೆಗಳಲ್ಲಿ ಆ ತೋಳು ಬಹಳ ಸಲ ಅಲ್ಲೇ ಇರುತ್ತದೆ. ಹಾಗಾಗಿ ಇವೆರಡೂ ಹೆಚ್ಚಿನ ಪಾಲು ಬೇರೆ ಬೇರೆ ದಾರಿಯಲ್ಲಿ ಹುಟ್ಟುವ ರೋಗಗಳು ಎಂಬ ತಿಳಿವಳಿಕೆ ಬಂತು.

16ಕ್ಯೂ22ರಲ್ಲಿ ಸಿಡಿಎಚ್1 ಎಂಬ ಜೀನ್ ಇದೆ. ಅದು ಇ-ಕ್ಯಾಡ್ಹೆರಿನ್ ಪ್ರೋಟೀನ್ ಮಾಡುತ್ತದೆ. ಪಕ್ಕಪಕ್ಕದ ಕೋಶಗಳು ಒಂದನ್ನೊಂದು ಹಿಡಿದುಕೊಳ್ಳುವುದು ಈ ಪ್ರೋಟೀನ್‌ನಿಂದ. ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 10ರಿಂದ 15ರಷ್ಟಿರುವ ಲೋಬ್ಯುಲಾರ್ ಮಾದರಿಯಲ್ಲಿ ಇದು ಹೋಗಿಬಿಡುತ್ತದೆ: ಒಂದು ಪ್ರತಿ 16ಕ್ಯೂ ಜೊತೆ, ಇನ್ನೊಂದು ಅಕ್ಷರ ಕೆಟ್ಟು. ಹಿಡಿತ ತಪ್ಪಿದ ಕೋಶಗಳು ಗಂಟು ಕಟ್ಟುವುದಿಲ್ಲ, ಒಂದರ ಹಿಂದೆ ಒಂದು ಸಾಲಾಗಿ ಅಂಗಾಂಶದೊಳಗೆ ನುಗ್ಗುತ್ತವೆ. ಲೋಬ್ಯುಲಾರ್ ಕ್ಯಾನ್ಸರ್ ಕೈಗೆ ಗಂಟಾಗಿ ಸಿಗದೆ, ಮ್ಯಾಮೊಗ್ರಾಮ್‌ನಲ್ಲೂ ತಪ್ಪಿಸಿಕೊಳ್ಳುವುದು ಇದರಿಂದಲೇ. ಎದೆಯ ಒಂದು ಭಾಗ ಸುಮ್ನೆ ದಪ್ಪಗಾದಂತೆ, ಗಟ್ಟಿಯಾದಂತೆ ಅನಿಸಿದರೂ ತೋರಿಸಿ. ಗಂಟೇ ಇಲ್ಲವಲ್ಲ ಎಂದು ಕಾಯಬೇಡಿ.

ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಇ-ಕ್ಯಾಡ್ಹೆರಿನ್ ನೆಗೆಟಿವ್’ ಎಂದಿದ್ದರೆ ಅದು ಲೋಬ್ಯುಲಾರ್ ಎಂದು ಗುರುತಿಸಲು ಮಾಡಿದ ಬಣ್ಣದ ಪರೀಕ್ಷೆ. ಕ್ರೋಮೋಸೋಮ್‌ನ ಕಥೆ ಸಾಮಾನ್ಯ ಪ್ಯಾಥಾಲಜಿ ಲ್ಯಾಬಿನಲ್ಲಿ ಕಣ್ಣಿಗೆ ಕಾಣುವುದು ಹೀಗೆ.

ಬಿಆರ್‌ಸಿಎ ಜೀನ್‌ಗಳೂ ಇದೇ ಜಾತಿಯವೇ?

ಹೌದು. ಬಿಆರ್‌ಸಿಎ1 ಇರುವುದು 17ಕ್ಯೂ21ರಲ್ಲಿ, ಬಿಆರ್‌ಸಿಎ2 ಇರುವುದು 13ನೇ ಕ್ರೋಮೋಸೋಮ್‌ನ ಉದ್ದ ತೋಳಿನಲ್ಲಿ. ಎರಡೂ ಜೀನ್‌ಗಳು ಡಿಎನ್‌ಎಯ ಎರಡೂ ಎಳೆ ಒಟ್ಟಿಗೆ ತುಂಡಾದಾಗ ಅದನ್ನು ತಪ್ಪಿಲ್ಲದೆ ಜೋಡಿಸುವ ಕೆಲಸಕ್ಕೆ ಬೇಕು.

ಇವನ್ನು ಹುಡುಕಿದ್ದು ಮನೆತನಗಳ ಹಿಂದೆ ಹೋಗಿ. ಸ್ತನ ಕ್ಯಾನ್ಸರ್ ಒಂದು ಜೀನ್‌ನಿಂದ ಮನೆತನದಲ್ಲಿ ಬರಬಹುದು ಎಂದು ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಹೇಳಿದಾಗ ಬಹಳ ಜನ ಒಪ್ಪಿರಲಿಲ್ಲ. ಅವರು 23 ದೊಡ್ಡ ಕುಟುಂಬಗಳ 146 ರೋಗಿಗಳನ್ನು ನೋಡಿದರು. ಚಿಕ್ಕ ವಯಸ್ಸಿನಲ್ಲೇ ರೋಗ ಬಂದ ಕುಟುಂಬಗಳನ್ನು ಬೇರೆ ಮಾಡಿದಾಗ 17ಕ್ಯೂ21ರ ಜಾಡು ಸಿಕ್ಕಿತು. ಅದು 1990. ಜೀನ್ ಕೈಗೆ ಸಿಕ್ಕಿದ್ದು 1994ರಲ್ಲಿ, ಅಮೆರಿಕದ ಯೂಟಾದಲ್ಲಿ ಮಾರ್ಕ್ ಸ್ಕೋಲ್ನಿಕ್ ಅವರ ತಂಡಕ್ಕೆ. ಮರುವರ್ಷ ಬ್ರಿಟನ್ನಿನಲ್ಲಿ ಮೈಕೆಲ್ ಸ್ಟ್ರಾಟನ್ ಅವರ ತಂಡ ಬಿಆರ್‌ಸಿಎ2 ಪತ್ತೆ ಮಾಡಿತು. ಆಮೇಲೆ ಪೇಟೆಂಟ್ ಜಗಳ ಶುರುವಾಯಿತು. ವರ್ಷಗಳ ಕಾಲ ಅಮೆರಿಕದಲ್ಲಿ ಒಂದೇ ಕಂಪನಿ ಈ ಪರೀಕ್ಷೆ ಮಾಡುತ್ತಿತ್ತು. ಸಹಜವಾಗಿ ಸಿಗುವ ಜೀನ್‌ಗೆ ಪೇಟೆಂಟ್ ಇಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಆ ತೀರ್ಪು ಬಂದದ್ದು ಒಳ್ಳೆಯದೇ ಆಯಿತು. ಮೈಯೊಳಗಿನ ಜೀನ್‌ಗೆ ಕಂಪನಿಯ ಹಕ್ಕು ಎಂದರೆ ನನಗೆ ಇಂದಿಗೂ ಒಪ್ಪಲಾಗುವುದಿಲ್ಲ.

ಹುಟ್ಟಿನಿಂದ ಒಂದು ಪ್ರತಿ ಕೆಟ್ಟಿದ್ದವರಿಗೆ ಇನ್ನೊಂದು ಪ್ರತಿ ಸ್ತನದ ಯಾವುದೋ ಒಂದು ಕೋಶದಲ್ಲಿ ಹೋದಾಗ ಗಡ್ಡೆಗೆ ದಾರಿಯಾಗುತ್ತದೆ. 2017ರಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ, 80 ವರ್ಷದ ಹೊತ್ತಿಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಬಿಆರ್‌ಸಿಎ1 ಕೆಟ್ಟವರಿಗೆ ಸುಮಾರು ಶೇ. 72, ಬಿಆರ್‌ಸಿಎ2 ಕೆಟ್ಟವರಿಗೆ ಶೇ. 69. ಅಂಡಾಶಯದ ಕ್ಯಾನ್ಸರ್‌ಗೆ ಶೇ. 44 ಮತ್ತು ಶೇ. 17. ಬಿಆರ್‌ಸಿಎ1ರಲ್ಲಿ ಟ್ರಿಪಲ್ ನೆಗೆಟಿವ್ ಗಡ್ಡೆಗಳೇ ಹೆಚ್ಚು, ಬಿಆರ್‌ಸಿಎ2ರಲ್ಲಿ ಹಾರ್ಮೋನ್ ಪಾಸಿಟಿವ್ ಹೆಚ್ಚು.

ನನ್ನ ಗಡ್ಡೆಯಲ್ಲಿ ಜೀನ್ ಲಾಸ್ ಇದೆ. ಮಕ್ಕಳಿಗೆ ಬರುತ್ತದಾ?

ಗಡ್ಡೆಯಲ್ಲಿ ಮಾತ್ರ ಆದ ನಷ್ಟ ಮಕ್ಕಳಿಗೆ ಹೋಗುವುದಿಲ್ಲ. ಹೋಗಲು ದಾರಿಯೇ ಇಲ್ಲ. ಮಕ್ಕಳಿಗೆ ಹೋಗುವುದು ಅಂಡಾಣು, ವೀರ್ಯಾಣುವಿನಲ್ಲಿರುವ ಜೀನ್‌ಗಳು. ಎದೆಯ ಗಡ್ಡೆಯೊಳಗೆ 16ಕ್ಯೂ, 17ಪಿ, 8ಪಿ ಏನೇ ಹೋಗಿದ್ದರೂ ಅದು ಅಲ್ಲೇ ಉಳಿಯುತ್ತದೆ.

ಹುಟ್ಟಿನಿಂದ ಬಂದ ಕೆಟ್ಟ ಪ್ರತಿ ಇದ್ದರೆ ಮಾತ್ರ ಮಾತು ಬೇರೆ. ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಅಂಥವು ಶೇ. 5ರಿಂದ 10. ಆಗ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡು ಮಗುವಿಗೂ ಅಷ್ಟೇ, ಹೆಣ್ಣು ಮಗುವಿಗೂ ಅಷ್ಟೇ. ಇದನ್ನು ತಿಳಿಯಲು ರಕ್ತ ಅಥವಾ ಎಂಜಲಿನ ಪರೀಕ್ಷೆ ಬೇಕು. ಗಡ್ಡೆಯ ರಿಪೋರ್ಟ್‌ನಲ್ಲಿ ಬಿಆರ್‌ಸಿಎ ಕೆಟ್ಟಿದೆ ಎಂದು ಬಂದರೆ, ಅದು ಹುಟ್ಟಿನಿಂದ ಬಂದದ್ದೋ ಗಡ್ಡೆಯಲ್ಲಿ ಆದದ್ದೋ ಎಂದು ರಕ್ತ ನೋಡಿಯೇ ಖಚಿತಪಡಿಸಿಕೊಳ್ಳಬೇಕು.

ಇನ್ನೊಂದು ವಿಷಯ ನಮ್ಮ ಕಡೆ ಬಹಳ ಮರೆಯುತ್ತಾರೆ. ಬರೀ ತಾಯಿ ಕಡೆಯ ಚರಿತ್ರೆ ಕೇಳಿ ಬಿಡುತ್ತಾರೆ. ಅಪ್ಪನಿಂದಲೂ ಇದು ಬರುತ್ತದೆ. ಸೋದರತ್ತೆಗೆ, ಅಪ್ಪನ ತಾಯಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತಾ ಎಂದೂ ವಿಚಾರಿಸಿ. ‘ಹೊಟ್ಟೆಯಲ್ಲಿ ಗಡ್ಡೆಯಾಗಿ ತೀರಿಕೊಂಡರು’ ಎಂದು ಹಿರಿಯರು ಹೇಳುವುದು ಎಷ್ಟೋ ಸಲ ಅಂಡಾಶಯದ ಕ್ಯಾನ್ಸರ್ ಇರಬಹುದು.

ಸೊಸೆಯನ್ನು ಅಥವಾ ಮದುವೆಗೆ ಬಂದ ಮಗಳನ್ನು ಈ ಕಾರಣಕ್ಕೆ ಕೀಳಾಗಿ ಕಾಣುವುದು, ಸಂಬಂಧ ಮುರಿಯುವುದು ತೀರಾ ಅನ್ಯಾಯ. ರಿಪೋರ್ಟ್ ಯಾರಿಗೆ ತೋರಿಸಬೇಕು ಎಂಬುದನ್ನು ತೀರ್ಮಾನಿಸುವವರು ಪರೀಕ್ಷೆ ಮಾಡಿಸಿಕೊಂಡವರೇ.

ಪಿಟೆನ್, ಆರ್‌ಬಿ1, 8ಪಿ ಇವೆಲ್ಲ ಏನು?

ಪಿಟೆನ್ ಇರುವುದು 10ಕ್ಯೂ23ರಲ್ಲಿ. 1997ರಲ್ಲಿ ಸಿಕ್ಕಿತು. ಕೋಶಕ್ಕೆ ಬೆಳೆಯಲು ಹೇಳುವ ಪಿಐ3ಕೆ ಎಂಬ ಸಂಕೇತವನ್ನು ಇದು ಇಳಿಸುತ್ತದೆ. ಇದು ಹೋದರೆ ಆ ಸಂಕೇತ ಆರುವುದೇ ಇಲ್ಲ. ಹಾರ್ಮೋನ್ ಪಾಸಿಟಿವ್, ಹರ್2 ನೆಗೆಟಿವ್ ಆಗಿದ್ದು ಮುಂದುವರಿದ ಕ್ಯಾನ್ಸರ್‌ನಲ್ಲಿ, ಪಿಟೆನ್ ಅಥವಾ ಅದೇ ದಾರಿಯ ಬೇರೆ ಜೀನ್ ಕೆಟ್ಟಿದ್ದರೆ ಕ್ಯಾಪಿವಾಸರ್ಟಿಬ್ ಎಂಬ ಮಾತ್ರೆಯನ್ನು ಫುಲ್ವೆಸ್ಟ್ರಾಂಟ್ ಎಂಬ ಹಾರ್ಮೋನ್ ತಡೆಯುವ ಇಂಜೆಕ್ಷನ್ ಜೊತೆ ಕೊಡಲು ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು.

ಆರ್‌ಬಿ1 ನಡ್ಸನ್ ಅವರ ಅದೇ ಜೀನ್. ಕೋಶ ಒಡೆಯುವುದನ್ನು ತಡೆಯುವ ಪಾಲ್ಬೋಸಿಕ್ಲಿಬ್, ರೈಬೋಸಿಕ್ಲಿಬ್ ಥರದ ಮಾತ್ರೆಗಳು ಕೆಲಸ ಮಾಡಲು ಈ ಜೀನ್‌ನ ಪ್ರೋಟೀನ್ ಬೇಕೇಬೇಕು. ಆರ್‌ಬಿ1 ಪೂರ್ತಿ ಹೋದ ಗಡ್ಡೆಗೆ ಆ ಮಾತ್ರೆಗಳು ನಾಟುವುದಿಲ್ಲ. ಕೆಲವರಲ್ಲಿ ಮಾತ್ರೆ ಮೊದಲು ಚೆನ್ನಾಗಿ ಕೆಲಸ ಮಾಡಿ ಆಮೇಲೆ ನಿಲ್ಲುವುದಕ್ಕೆ ಇದೂ ಒಂದು ಕಾರಣ.

8ಪಿ ಬಗ್ಗೆ ಹೇಳಬೇಕೆಂದರೆ, ಅಲ್ಲಿ ಒಂದೇ ಒಂದು ಜೀನ್ ಇದೆ ಎಂದು ದಶಕಗಳಿಂದ ಹುಡುಕಿದ್ದಾರೆ. ಒಬ್ಬನೇ ನಾಯಕ ಸಿಕ್ಕಿಲ್ಲ. ಹಲವು ಜೀನ್‌ಗಳು ಸ್ವಲ್ಪ ಸ್ವಲ್ಪ ಕಡಿಮೆಯಾಗುವುದೇ ಅಲ್ಲಿ ಮುಖ್ಯ ಎಂಬ ಕಡೆಗೆ ಈಗ ಯೋಚನೆ ವಾಲಿದೆ. 11ಕ್ಯೂನಲ್ಲಿ ಎಟಿಎಂ, 22ಕ್ಯೂನಲ್ಲಿ ಚೆಕ್2 ಇವೆ. ಎರಡೂ ಡಿಎನ್‌ಎ ಹಾನಿಯನ್ನು ಗುರುತಿಸುವ ಜೀನ್‌ಗಳು, ಮನೆತನದಲ್ಲೂ ಬರಬಹುದು.

ಜಾಸ್ತಿ ತುಂಡುಗಳು ಹೋಗಿದ್ದರೆ ಕ್ಯಾನ್ಸರ್ ಜಾಸ್ತಿ ಅಪಾಯಕಾರಿಯೇ?

ಒಟ್ಟಾರೆ ನೋಡಿದರೆ ಹೌದು. ಲ್ಯೂಮಿನಲ್ ಎ ಗಡ್ಡೆಗಳಲ್ಲಿ ಕ್ರೋಮೋಸೋಮ್ ಬದಲಾವಣೆ ಕಡಿಮೆ, ಟ್ರಿಪಲ್ ನೆಗೆಟಿವ್‌ನಲ್ಲಿ ಚೆಲ್ಲಾಪಿಲ್ಲಿ. ಆದರೆ ಒಬ್ಬರ ಭವಿಷ್ಯವನ್ನು ಈ ಎಣಿಕೆಯಿಂದ ಹೇಳಲಾಗುವುದಿಲ್ಲ. ಗಡ್ಡೆಯ ಅಳತೆ, ಕಂಕುಳಿನ ಗ್ರಂಥಿಗಳಿಗೆ ಹರಡಿದೆಯೋ ಇಲ್ಲವೋ, ಇಆರ್, ಪಿಆರ್, ಹರ್2 ಹೇಗಿವೆ, ಟ್ರೀಟ್‌ಮೆಂಟ್‌ಗೆ ಗಡ್ಡೆ ಎಷ್ಟು ಕರಗಿತು ಎಂಬುದು ಇವತ್ತಿಗೂ ಹೆಚ್ಚು ತೂಕದ ಮಾತು. ರಿಪೇರಿ ಕೆಟ್ಟು ತುಂಬಾ ತುಂಡಾದ ಗಡ್ಡೆಗಳು ಕೆಲವೊಮ್ಮೆ ಕೀಮೋಗೆ ಚೆನ್ನಾಗಿ ಬಗ್ಗುವುದೂ ಉಂಟು.

ಇದನ್ನೆಲ್ಲ ಲ್ಯಾಬಿನಲ್ಲಿ ಹೇಗೆ ನೋಡುತ್ತಾರೆ?

ಹಿಂದೆ ಗಡ್ಡೆಯ ಕೋಶ ಬೆಳೆಸಿ ಮೈಕ್ರೋಸ್ಕೋಪಿನಲ್ಲಿ ಕ್ರೋಮೋಸೋಮ್ ಎಣಿಸಬೇಕಿತ್ತು. ಸ್ತನದ ಗಡ್ಡೆಯಲ್ಲಿ ಅದು ಬಹಳ ಕಷ್ಟ. 1992ರಲ್ಲಿ ಸಿಜಿಎಚ್ ಎಂಬ ವಿಧಾನ ಬಂತು. ಗಡ್ಡೆಯ ಡಿಎನ್‌ಎಗೆ ಒಂದು ಬಣ್ಣ, ಆರೋಗ್ಯವಾದ ಡಿಎನ್‌ಎಗೆ ಇನ್ನೊಂದು ಬಣ್ಣ ಕೊಟ್ಟು, ಎಲ್ಲಿ ಯಾವ ಬಣ್ಣ ಕಡಿಮೆ ಎಂದು ನೋಡುವುದು. ಕೋಶ ಬೆಳೆಸುವ ಕೆಲಸವೇ ತಪ್ಪಿತು. ಈಗ ಎನ್‌ಜಿಎಸ್ ಬಂದಿದೆ, ಅಕ್ಷರಗಳನ್ನೇ ಓದುತ್ತದೆ. ಒಂದೇ ಜೀನ್ ನೋಡಬೇಕಾದರೆ ಫಿಶ್ ಪರೀಕ್ಷೆ, ಹರ್2 ಅನುಮಾನವಾದಾಗ ಮಾಡುತ್ತಾರಲ್ಲ, ಅದೇ.

ಎಲ್ಲರಿಗೂ ದುಬಾರಿ ಎನ್‌ಜಿಎಸ್ ಬೇಕಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆರಂಭದ ಹಂತದ ಗಡ್ಡೆಗೆ ಸರಿಯಾಗಿ ಮಾಡಿದ ಇಆರ್, ಪಿಆರ್, ಹರ್2 ಪರೀಕ್ಷೆ ಮೊದಲು. ಗಡ್ಡೆಯ ಬಹಳಷ್ಟು ಜೀನ್‌ಗಳನ್ನು ಒಟ್ಟಿಗೆ ನೋಡುವ ದೊಡ್ಡ ಪ್ಯಾನೆಲ್ ಪರೀಕ್ಷೆ ಮಾಡಿಸಲು ಹೇಳಿದರೆ, ‘ಇದರ ಫಲಿತಾಂಶದಿಂದ ನನ್ನ ಟ್ರೀಟ್‌ಮೆಂಟ್ ಬದಲಾಗುತ್ತದಾ ಡಾಕ್ಟ್ರೇ?’ ಎಂದು ಕೇಳಿ. ಇಲ್ಲ ಎಂದರೆ ಆ ದುಡ್ಡು ಔಷಧಿಗೆ ಉಳಿಯಲಿ.

ಹಾಗಾದರೆ ಹುಟ್ಟಿನಿಂದ ಬರುವ ಜೀನ್ ಪರೀಕ್ಷೆ ಯಾರಿಗೆ ಬೇಕು?

ಇದು ಬೇರೆ ಪರೀಕ್ಷೆ, ಇದರ ಉಪಯೋಗವೂ ಜಾಸ್ತಿ. ಚಿಕ್ಕ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂದವರು, ಟ್ರಿಪಲ್ ನೆಗೆಟಿವ್ ಇರುವವರು, ಎರಡೂ ಸ್ತನಕ್ಕೆ ಬಂದವರು, ಗಂಡಸರು, ಅಂಡಾಶಯದ ಕ್ಯಾನ್ಸರ್ ಬಂದವರು, ಮನೆಯಲ್ಲಿ ಹಲವರಿಗೆ ಬಂದವರು ಖಂಡಿತ ಮಾಡಿಸಬೇಕು. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2024ರಲ್ಲಿ, 65 ವರ್ಷದೊಳಗೆ ಸ್ತನ ಕ್ಯಾನ್ಸರ್ ಪತ್ತೆಯಾದ ಎಲ್ಲರಿಗೂ ಬಿಆರ್‌ಸಿಎ ಪರೀಕ್ಷೆಯ ಅವಕಾಶ ಕೊಡಬೇಕು ಎಂದಿತು.

ನಮ್ಮಲ್ಲಿ ಇದು ಇನ್ನೂ ಮುಖ್ಯ. ಭಾರತದಲ್ಲಿ 2022ರಲ್ಲಿ ಸುಮಾರು 1.9 ಲಕ್ಷ ಹೊಸ ಸ್ತನ ಕ್ಯಾನ್ಸರ್ ಪ್ರಕರಣಗಳ ಅಂದಾಜಿದೆ. ಪಶ್ಚಿಮದ ದೇಶಗಳಿಗಿಂತ ಇಲ್ಲಿ ಚಿಕ್ಕ ವಯಸ್ಸಿನವರ ಪಾಲು, ಟ್ರಿಪಲ್ ನೆಗೆಟಿವ್‌ನ ಪಾಲು ಎರಡೂ ಜಾಸ್ತಿ. ಪರೀಕ್ಷೆಗೆ ಮೊದಲು ಜೆನೆಟಿಕ್ ಕೌನ್ಸೆಲರ್ ಜೊತೆ ಕೂತು ಮಾತಾಡಿ. ಕನ್ನಡದಲ್ಲೇ ವಿವರಿಸಿ ಎಂದು ಕೇಳುವುದು ನಿಮ್ಮ ಹಕ್ಕು. ಮೊದಲು ಪರೀಕ್ಷೆ ಮಾಡಿಸಬೇಕಾದವರು ಕ್ಯಾನ್ಸರ್ ಬಂದವರು. ಅವರಲ್ಲಿ ಕೆಟ್ಟ ಅಕ್ಷರ ಸಿಕ್ಕರೆ, ಮನೆಯ ಉಳಿದವರಿಗೆ ಅದೊಂದೇ ಜಾಗ ನೋಡಿದರೆ ಸಾಕು, ಖರ್ಚೂ ಕಡಿಮೆ.

ರಿಪೋರ್ಟ್‌ನಲ್ಲಿ ‘ವಿಯುಎಸ್’ ಎಂದು ಬಂದಿದೆ. ಆಪರೇಷನ್ ಮಾಡಿಸಬೇಕಾ?

ಬೇಡ, ಅದೊಂದನ್ನೇ ಆಧಾರ ಮಾಡಿಕೊಂಡು ಖಂಡಿತ ಬೇಡ. ಒಂದು ಅಕ್ಷರ ಬೇರೆ ಇದೆ, ಅದರಿಂದ ತೊಂದರೆ ಇದೆಯೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ ಎಂದಷ್ಟೇ ಇದರ ಅರ್ಥ. ಕಾಲ ಕಳೆದಂತೆ ಇವುಗಳಲ್ಲಿ ಬಹುಪಾಲು ನಿರಪಾಯ ಎಂದೇ ತೀರ್ಮಾನವಾಗುತ್ತವೆ. ಭಾರತೀಯರ ಜೀನ್‌ಗಳನ್ನು ಕಡಿಮೆ ಓದಿರುವುದರಿಂದ ನಮ್ಮವರ ರಿಪೋರ್ಟ್‌ಗಳಲ್ಲಿ ಇದು ಹೆಚ್ಚು ಕಾಣುತ್ತದೆ.

ಪಾರ್ಪ್ ಔಷಧಿ ಅಂದರೇನು? ಕಳೆದ ಜೀನ್‌ಗೂ ಅದಕ್ಕೂ ಏನು ಸಂಬಂಧ?

ಊರಿಗೆ ಎರಡು ರಸ್ತೆ ಇವೆ ಅಂದುಕೊಳ್ಳಿ. ಒಂದು ರಸ್ತೆ ಹೊಳೆಯ ನೆರೆಗೆ ಕೊಚ್ಚಿಹೋಗಿದೆ, ಬಸ್ಸು ಇನ್ನೊಂದರಲ್ಲಿ ಓಡುತ್ತಿದೆ. ಆ ಇನ್ನೊಂದನ್ನೂ ಮುಚ್ಚಿದರೆ ಊರು ಕಡಿದುಹೋಗುತ್ತದೆ. ಎರಡೂ ರಸ್ತೆ ಚೆನ್ನಾಗಿರುವ ಪಕ್ಕದ ಊರಿಗೆ ಒಂದು ಮುಚ್ಚಿದರೆ ಏನೂ ಆಗುವುದಿಲ್ಲ.

ಬಿಆರ್‌ಸಿಎಯ ಎರಡೂ ಪ್ರತಿ ಹೋದ ಗಡ್ಡೆಯ ಕೋಶ ಮೊದಲ ಊರು. ಡಿಎನ್‌ಎ ರಿಪೇರಿಗೆ ಅದು ಪಾರ್ಪ್ ಎಂಬ ಇನ್ನೊಂದು ಪ್ರೋಟೀನ್ ಮೇಲೆ ನಿಂತಿದೆ. ಔಷಧಿ ಅದನ್ನು ತಡೆದರೆ ಕೋಶ ಸಾಯುತ್ತದೆ. ದೇಹದ ಉಳಿದ ಕೋಶಗಳಲ್ಲಿ ಬಿಆರ್‌ಸಿಎಯ ಒಂದು ಒಳ್ಳೆಯ ಪ್ರತಿ ಉಳಿದಿರುವುದರಿಂದ ಅವು ತಡೆದುಕೊಳ್ಳುತ್ತವೆ. 2005ರಲ್ಲಿ ಬ್ರಿಟನ್ನಿನ ಎರಡು ತಂಡಗಳು ಇದನ್ನು ಒಂದೇ ಸಮಯಕ್ಕೆ ತೋರಿಸಿದವು. ಗಡ್ಡೆ ಬೆಳೆಯಲು ನೆರವಾದ ನಷ್ಟವೇ ಅದರ ದುರ್ಬಲ ಜಾಗವೂ ಆಯಿತು. ಇಲ್ಲದ ಜೀನ್‌ಗೆ ಔಷಧಿ ಹೇಗೆ ಎಂಬ ಪ್ರಶ್ನೆಗೆ ಸಿಕ್ಕ ದಾರಿ ಇದು.

ಒಲಾಪರಿಬ್ ಮಾತ್ರೆಗೆ, ಹರಡಿದ ಸ್ತನ ಕ್ಯಾನ್ಸರ್‌ಗೆಂದು ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. 2021ರಲ್ಲಿ ಒಲಿಂಪಿಯಾ ಎಂಬ ಪ್ರಯೋಗದ ಫಲಿತಾಂಶ ಬಂತು. ಹುಟ್ಟಿನಿಂದ ಬಿಆರ್‌ಸಿಎ ಕೆಟ್ಟಿದ್ದು, ಹರ್2 ನೆಗೆಟಿವ್ ಆಗಿದ್ದು, ಮರುಕಳಿಸುವ ಅಪಾಯ ಹೆಚ್ಚಿದ್ದ 1,836 ಜನ ಅದರಲ್ಲಿದ್ದರು. ಆಪರೇಷನ್, ಕೀಮೋ ಮುಗಿದ ಮೇಲೆ ಒಂದು ವರ್ಷ ಮಾತ್ರೆ ತೆಗೆದುಕೊಂಡವರಲ್ಲಿ ಮೂರು ವರ್ಷಕ್ಕೆ ರೋಗ ಮರಳದೆ ಇದ್ದವರು ಶೇ. 85.9. ಹೋಲಿಕೆಗಾಗಿ ಔಷಧಿಯಿಲ್ಲದ ಹುಸಿ ಮಾತ್ರೆ ಕೊಟ್ಟ ಗುಂಪಿನಲ್ಲಿ ಶೇ. 77.1. ಬಿಆರ್‌ಸಿಎ ಪರೀಕ್ಷೆಯನ್ನು ಟ್ರೀಟ್‌ಮೆಂಟ್ ಶುರುವಿನಲ್ಲೇ ಮಾಡಿಸಿ ಎಂದು ಹೇಳುವುದು ಈ ಕಾರಣಕ್ಕೆ.

ಇದಕ್ಕೂ ಮಿತಿ ಇದೆ. ಕೆಲವು ಗಡ್ಡೆಗಳಲ್ಲಿ ಕೆಟ್ಟ ಬಿಆರ್‌ಸಿಎ ಜೀನ್‌ನಲ್ಲಿ ಇನ್ನೊಂದು ಬದಲಾವಣೆಯಾಗಿ ಅದು ಮತ್ತೆ ಕೆಲಸ ಮಾಡತೊಡಗುತ್ತದೆ. ಆಗ ಮಾತ್ರೆ ನಾಟುವುದು ನಿಲ್ಲುತ್ತದೆ. ರಕ್ತಹೀನತೆ, ಸುಸ್ತು, ವಾಕರಿಕೆ ಸಾಮಾನ್ಯ ಅಡ್ಡಪರಿಣಾಮಗಳು. ಅದಕ್ಕೇ ಮಾತ್ರೆ ನುಂಗುವಾಗ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ.

ಕಳೆದ ಜೀನನ್ನು ಮತ್ತೆ ಸೇರಿಸಲು ಆಗುವುದಿಲ್ಲವೇ?

ಸ್ತನ ಕ್ಯಾನ್ಸರ್‌ಗೆ ಸದ್ಯ ಅಂಥ ಚಿಕಿತ್ಸೆ ಇಲ್ಲ. ಗಡ್ಡೆಯ ಕೋಟ್ಯಂತರ ಕೋಶಗಳಿಗೂ ಜೀನ್ ತಲುಪಿಸಬೇಕು, ಒಂದಷ್ಟು ಬಿಟ್ಟುಹೋದರೂ ಅವೇ ಬೆಳೆಯುತ್ತವೆ. ಯಾವ ಕಷಾಯವೂ, ಪುಡಿಯೂ, ಪಥ್ಯವೂ ಹೋದ ಕ್ರೋಮೋಸೋಮ್ ತುಂಡನ್ನು ತರುವುದಿಲ್ಲ. ಹಾಗೆಂದು ಹೇಳಿ ದುಡ್ಡು ಕೀಳುವವರನ್ನು ಹತ್ತಿರ ಸೇರಿಸಬೇಡಿ. ಅವರನ್ನು ನಂಬಿ ಕಳೆದ ತಿಂಗಳುಗಳು ಮತ್ತೆ ಸಿಗುವುದಿಲ್ಲ.

ಈ ಪ್ರಶ್ನೆ ಬಂದಾಗೆಲ್ಲ ನನಗೆ ಆನೆ ನೆನಪಾಗುತ್ತದೆ. ಅಷ್ಟು ದೊಡ್ಡ ದೇಹ, ಅಷ್ಟೊಂದು ಕೋಶ, ಆದರೂ ಆನೆಗಳಲ್ಲಿ ಕ್ಯಾನ್ಸರ್ ಕಡಿಮೆ. ನಮಗೆ ಟಿಪಿ53ರ ಒಂದು ಜೋಡಿ ಇದ್ದರೆ, ಆನೆಗಳಿಗೆ ಸುಮಾರು 20 ಜೋಡಿ ಇವೆ ಎಂದು 2015ರಲ್ಲಿ ಗೊತ್ತಾಯಿತು. ಅವುಗಳ ಕೋಶಗಳ ಡಿಎನ್‌ಎಗೆ ಏಟು ಬಿದ್ದರೆ ಅವು ಬೇಗ ಸಾಯುತ್ತವೆ, ಕೆಟ್ಟು ಬೆಳೆಯುವುದಿಲ್ಲ.

ಗಂಡಸರಿಗೂ ಇದೆಲ್ಲ ಅನ್ವಯಿಸುತ್ತದಾ?

ಹೌದು. ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 1ರಷ್ಟು ಗಂಡಸರದ್ದು. ಬಿಆರ್‌ಸಿಎ2 ಕೆಟ್ಟ ಗಂಡಸರಿಗೆ ಇದರ ಅಪಾಯ ಹೆಚ್ಚು, ಪ್ರಾಸ್ಟೇಟ್ ಕ್ಯಾನ್ಸರ್‌ನ ಅಪಾಯವೂ ಹೆಚ್ಚು. ಮೊಲೆತೊಟ್ಟಿನ ಹಿಂದೆ ಗಂಟು ಬಂದರೆ ನಾಚಿಕೆಯಿಂದ ಮುಚ್ಚಿಡಬೇಡಿ.

ಟ್ರೀಟ್‌ಮೆಂಟ್ ಮುಗಿದಿದೆ. ಹಳೆಯ ರಿಪೋರ್ಟ್, ಬ್ಲಾಕ್ ಇಟ್ಟುಕೊಳ್ಳಬೇಕಾ?

ಇಟ್ಟುಕೊಳ್ಳಿ. ಬಯಾಪ್ಸಿ ಅಥವಾ ಆಪರೇಷನ್‌ನ ತುಂಡನ್ನು ಮೇಣದಲ್ಲಿ ಹುದುಗಿಸಿಡುವ ಚಿಕ್ಕ ಬ್ಲಾಕ್ ಬಹಳ ಮುಖ್ಯ. ಮುಂದೆ ಹೊಸ ಔಷಧಿ ಬಂದು, ಗಡ್ಡೆಯಲ್ಲಿ ಯಾವುದೋ ಜೀನ್ ಹೋಗಿದೆಯೇ ಎಂದು ನೋಡಬೇಕಾದರೆ ಅದರಿಂದಲೇ ನೋಡುತ್ತಾರೆ. ಆಸ್ಪತ್ರೆಯವರು ಎಷ್ಟು ವರ್ಷ ಇಡುತ್ತಾರೆ ಎಂದು ಕೇಳಿ, ಬ್ಲಾಕ್ ನಂಬರನ್ನು ಬರೆದಿಟ್ಟುಕೊಳ್ಳಿ. ಮನೆಗೆ ತಂದರೆ ಬಿಸಿಲು, ಶಾಖ ತಗಲದ ಕಡೆ ಇಡಿ. ಕ್ಯಾನ್ಸರ್ ಮರಳಿ ಬಂದರೆ, ಆಗುವುದಾದರೆ ಹೊಸ ಜಾಗದಿಂದಲೂ ಬಯಾಪ್ಸಿ ಮಾಡಿಸುವುದು ಒಳ್ಳೆಯದು, ಏಕೆಂದರೆ ಈ ನಡುವೆ ಗಡ್ಡೆ ಇನ್ನಷ್ಟು ತುಂಡುಗಳನ್ನು ಕಳೆದುಕೊಂಡಿರಬಹುದು. ರಕ್ತದ ಜೀನ್ ರಿಪೋರ್ಟ್‌ನಲ್ಲಿ ವಿಯುಎಸ್ ಇದ್ದರೆ ಒಂದೆರಡು ವರ್ಷಕ್ಕೊಮ್ಮೆ ಲ್ಯಾಬಿಗೆ ಅಥವಾ ಕೌನ್ಸೆಲರ್‌ಗೆ ಫೋನ್ ಮಾಡಿ, ಅದರ ತೀರ್ಮಾನ ಬದಲಾಗಿದೆಯೇ ಎಂದು ವಿಚಾರಿಸಿ. ಆ ರಿಪೋರ್ಟ್‌ನ ಒಂದು ಪ್ರತಿಯನ್ನು ಮಗಳಿಗೋ ಮಗನಿಗೋ ಕೊಟ್ಟಿಡಿ, ನಾಳೆ ಅವರು ಡಾಕ್ಟರ ಮುಂದೆ ಕೂತಾಗ ಮೊದಲು ಕೇಳುವ ಕಾಗದ ಅದೇ.